ಆ ನಗು ಎಲ್ಲಿ ಹೋಯಿತು?

"ಎಲ್ಲ ಚೆನ್ನಾಗಿದೆಯಮ್ಮಾ. ಆದರೆ ಆ ನಗು ಎಲ್ಲಿ ಹೋಯಿತು?"

ನನಗೆ ರೆಕಾರ್ಡು ಕೊಟ್ಟಿದ್ದ ಹಿರಿಯ ಯಜಮಾನರೊಬ್ಬರು ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಒಬ್ಬನೇ ಕುಳಿತು ಪಿಯಾನೊ ನುಡಿಸಿದ ರೆಕಾರ್ಡಿನಲ್ಲಿ ನಗು ಎಲ್ಲಿಂದ ಬರಬೇಕು?

ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಒಂದು ಪುಟ್ಟ ಕೋಣೆ, ಒಂದು ಟರ್ನ್‌ಟೇಬಲ್, ತಟ್ಟೆ ತೊಳೆಯಲು ಡಿಸ್ಟಿಲ್ಡ್ ವಾಟರ್, ಎರಡು ಸ್ಪೀಕರು, ಬಂಡವಾಳ ಇಷ್ಟೇ. ಬರುವವರಲ್ಲಿ ಹೆಚ್ಚಿನವರು ಅಪ್ಪ ಇಟ್ಟುಹೋದ ಸಿನಿಮಾ ಹಾಡುಗಳ ಏಳು ಇಂಚಿನ ತಟ್ಟೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ತರುತ್ತಾರೆ. ಈ ಯಜಮಾನರ ದಾರಿಯೇ ಬೇರೆ. ಬ್ಯಾಂಕಿನಿಂದ ನಿವೃತ್ತರಾದವರು. ಅವರ ಸಂಗ್ರಹವೆಲ್ಲ 1970ರಿಂದ 1979ರವರೆಗಿನದು, ಅದರಾಚೆಗಿನದನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಒಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಎಂಬ ಲೆಕ್ಕಕ್ಕೆ ಸಂಗೀತವನ್ನು ಜೋಡಿಸುವ ಜಾಣ್ಮೆ ಆ ಹತ್ತು ವರ್ಷಗಳಲ್ಲಿ ಪಳಗಿದಷ್ಟು ಮುಂದೆಂದೂ ಪಳಗಲಿಲ್ಲ ಎಂಬುದು ಅವರ ಹಟ. ನಾನು ಪೂರ್ತಿ ಒಪ್ಪುವುದಿಲ್ಲ. ಆದರೆ ಅವರೊಡನೆ ವಾದಕ್ಕಿಳಿದರೆ ಆ ದಿನದ ಕೆಲಸ ಕೆಟ್ಟಂತೆ.

ಅವರು ತಂದಿದ್ದು ಅಮೆರಿಕದ ಜ್ಯಾಜ್ ಪಿಯಾನೊ ವಾದಕ ಕೀತ್ ಜ್ಯಾರೆಟ್‌ನ 'ದಿ ಕೋಲ್ನ್ ಕಾನ್ಸರ್ಟ್'. ಎರಡು ತಟ್ಟೆ, ನಾಲ್ಕು ಬದಿ. ಜರ್ಮನಿಯಲ್ಲಿದ್ದ ಭಾವಮೈದುನ ತಂದುಕೊಟ್ಟದ್ದಂತೆ. 1975ರ ಜನವರಿ 24ರ ರಾತ್ರಿ ಕೋಲ್ನ್ ನಗರದ ಆಪೆರಾ ಭವನದಲ್ಲಿ ನಡೆದ ಕಛೇರಿ. ಅಂದು ಅಲ್ಲಿ ಆಪೆರಾ ಪ್ರದರ್ಶನವಿದ್ದುದರಿಂದ ಇದು ಶುರುವಾಗುವಾಗ ಹನ್ನೊಂದೂವರೆ. ಕೊನೆಯ ಪುಟ್ಟ ತುಣುಕೊಂದನ್ನು ಬಿಟ್ಟರೆ ಮೊದಲೇ ಬರೆದುಕೊಂಡ ಕೃತಿ ಇಲ್ಲ, ಎಲ್ಲವೂ ಮನೋಧರ್ಮ. ಬೇಕೆಂದು ಹೇಳಿದ್ದ ದೊಡ್ಡ ಪಿಯಾನೊದ ಬದಲು ವೇದಿಕೆಗೆ ಬಂದಿದ್ದು ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಚಿಕ್ಕದೊಂದು. ಅದರ ಮೇಲಿನ ಸ್ವರಗಳು ತಗಡಿನಂತೆ, ಕೆಳಗಿನವು ಸಪ್ಪೆ, ಪೆಡಲುಗಳೂ ಸರಿಯಿರಲಿಲ್ಲ. ಜ್ಯಾರೆಟ್‌ಗೆ ಬೆನ್ನುನೋವು, ನಿದ್ದೆಗೇಡು ಬೇರೆ. ನುಡಿಸುವುದೇ ಇಲ್ಲ ಎಂದು ಹೊರಟವನನ್ನು ಕಾರ್ಯಕ್ರಮ ಏರ್ಪಡಿಸಿದ್ದ ಹದಿಹರೆಯದ ಹುಡುಗಿ ಕಾಡಿ ಬೇಡಿ ಒಪ್ಪಿಸಿದಳು. ಆ ಪಿಯಾನೊದಲ್ಲಿ ಚೆನ್ನಾಗಿದ್ದದ್ದು ನಡುವಿನ ಸ್ವರಗಳು ಮಾತ್ರ. ಅಲ್ಲೇ ಸುತ್ತಾಡುತ್ತ, ಎಡಗೈಯಲ್ಲಿ ಒಂದೇ ಪಲುಕನ್ನು ಮತ್ತೆ ಮತ್ತೆ ತಿರುವುತ್ತ ಅವನು ಕಟ್ಟಿದ್ದು ಒಂಟಿ ಪಿಯಾನೊ ಆಲ್ಬಂಗಳಲ್ಲೇ ಅತಿ ಹೆಚ್ಚು ಮಾರಾಟವಾದದ್ದು.

ಇನ್ನು ನನ್ನ ಪ್ರಮಾದ. ಈ ಆಲ್ಬಮ್ಮಿನ ಮೊದಲ ಬದಿ 26 ನಿಮಿಷದ್ದು. ತಟ್ಟೆಯ ಒಂದು ಬದಿಯಲ್ಲಿರುವುದು ಅಂಚಿನಿಂದ ಒಳಕ್ಕೆ ಸುತ್ತುವ ಒಂದೇ ಒಂದು ಗೀರು. ಸದ್ದು ಜೋರಾದಷ್ಟೂ ಆ ಗೀರು ಅಕ್ಕಪಕ್ಕಕ್ಕೆ ಓಲಾಡಿ ಹೆಚ್ಚು ಜಾಗ ತಿನ್ನುತ್ತದೆ. 26 ನಿಮಿಷ ಹಿಡಿಸಬೇಕೆಂದರೆ ಸುತ್ತುಗಳನ್ನು ಒತ್ತಾಗಿ ಕೂರಿಸಿ ಸದ್ದನ್ನು ತಗ್ಗಿಸಲೇಬೇಕು. ಸಂಗೀತ ತಗ್ಗಿದಲ್ಲಿ ತಟ್ಟೆಯ ಸ್ವಂತ ಸರಸರ ಎದ್ದು ಕೇಳಿಸುತ್ತದೆ. ನನಗೆ ಆ ಸರಸರವೇ ಕಿರಿಕಿರಿ.

ಅದನ್ನು ತೆಗೆಯುವ ತಂತ್ರಾಂಶಕ್ಕೆ ಮೊದಲು 'ಇದೇ ಕಸ' ಎಂದು ಒಂದು ತುಣುಕನ್ನು ತೋರಿಸಿಕೊಡಬೇಕು. ಅದೇ ಚಹರೆ ಎಲ್ಲೆಲ್ಲಿ ಸಿಕ್ಕರೂ ಅದು ಅಲ್ಲಲ್ಲಿ ಗುಡಿಸಿಹಾಕುತ್ತದೆ. ಮುಳ್ಳು ತಟ್ಟೆಗೆ ತಾಗಿದ ಮೇಲೆ, ಪಿಯಾನೊ ಶುರುವಾಗುವ ಮುನ್ನ ಸಿಗುವ ಒಂದೆರಡು ಸೆಕೆಂಡನ್ನು ನಾನು ತೋರಿಸಿದೆ. ಎಲ್ಲರೂ ಮಾಡುವುದು ಹಾಗೆಯೇ. ಆದರೆ ನಾನು ಆರಿಸಿಕೊಂಡ ತುಣುಕಿನ ಕೊನೆಯಲ್ಲಿ ಬರೀ ಪ್ಲಾಸ್ಟಿಕ್ಕಿನ ಸದ್ದಿರಲಿಲ್ಲ, ಸಭಾಂಗಣವೂ ಸೇರಿಕೊಂಡಿತ್ತು: ಜನ ಕುಳಿತಿರುವ ದೊಡ್ಡ ಕೋಣೆಯ ಗಾಳಿ, ಉಸಿರು. ತಂತ್ರಾಂಶ ಅದನ್ನೂ ಕಸದ ಲೆಕ್ಕಕ್ಕೆ ಹಾಕಿಕೊಂಡಿತು. ಸಾಲದ್ದಕ್ಕೆ ನಾನು ಗುಡಿಸುವ ಬಲವನ್ನೂ ಜಾಸ್ತಿ ಇಟ್ಟಿದ್ದೆ. ಪಿಯಾನೊ ಮಾತ್ರ ತೊಳೆದ ಮುತ್ತಿನಂತೆ ಕೇಳಿಸಿತು. ಮೊದಲ ಐದು ನಿಮಿಷ ಕೇಳಿ, ನಡುವೆ ಅಲ್ಲೊಂದು ಇಲ್ಲೊಂದು ಕಡೆ ಹಣಕಿ, ಖುಷಿಯಿಂದ ಕಳುಹಿಸಿಬಿಟ್ಟೆ.

ಯಜಮಾನರು ಹೇಳಿದ ಮೇಲೆ ಮುಳ್ಳನ್ನು ಮತ್ತೆ ಅಂಚಿಗೆ ಇಟ್ಟೆ. ಆಪೆರಾ ಭವನದಲ್ಲಿ ಜನರನ್ನು ಒಳಗೆ ಕರೆಯಲು ಒಂದು ಗಂಟೆ ಬಾರಿಸುತ್ತಿದ್ದರು. ಜ್ಯಾರೆಟ್ ತನ್ನ ಮೊದಲ ಸ್ವರಗಳಲ್ಲಿ ಆ ಗಂಟೆಯ ದಾಟಿಯನ್ನೇ ನುಡಿಸುತ್ತಾನೆ. ಆಗತಾನೇ ಅದೇ ಗಂಟೆ ಕೇಳಿ ಒಳಗೆ ಬಂದು ಕುಳಿತವರಲ್ಲಿ ಕೆಲವರಿಗೆ ಗುರುತು ಹತ್ತಿ ನಗು ಬರುತ್ತದೆ. ಪಿಸುಮಾತಿಗಿಂತ ತುಸು ಹೆಚ್ಚು, ಅಷ್ಟೇ. ತಟ್ಟೆಯಲ್ಲಿ ಅದಿತ್ತು. ನನ್ನ ಫೈಲಿನಲ್ಲಿ ಅದರ ಜಾಗದಲ್ಲಿ ಹತ್ತಿ ತುರುಕಿದಂಥ ಮೌನ. ಅವನ ಗುನುಗು, ಕಾಲಿನ ಗುದ್ದು ಉಳಿದಿದ್ದವು, ಆದರೆ ಸುತ್ತಲಿನ ಕೋಣೆಯೇ ಇಲ್ಲದೆ.

ಇಷ್ಟಾದರೂ ತಪ್ಪನ್ನು ತಂತ್ರಾಂಶದ ತಲೆಗೆ ಕಟ್ಟುವ ಚಪಲ ನನಗಿತ್ತು. ಅದನ್ನು ಬಿಡಿಸಿದ್ದು ಹಿಂದಿನ ವರ್ಷ ಮಾಡಿದ ಕೆಲಸವೊಂದರ ನೆನಪು. ಅದೇ 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರಲ್ಲಿ ಜನರ ಮುಂದೆಯೇ ಧ್ವನಿಮುದ್ರಿಸಿದ ಶಕ್ತಿ ತಂಡದ ಮೊದಲ ಆಲ್ಬಂ. ಜಾನ್ ಮೆಕ್‌ಲಾಫ್ಲಿನ್ ಗಿಟಾರು, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. 'ಟಕ್' ಎನ್ನುವ ಚುಕ್ಕಿಸದ್ದುಗಳನ್ನು ಹುಡುಕಿ ಅಳಿಸುವ ಸಾಧನವನ್ನು ಅದರ ಮೇಲೆ ಹರಿಯಬಿಟ್ಟಿದ್ದೆ. ಘಟದ ಮೇಲೆ ಬೆರಳು ಬೀಳುವ ಮೊನೆಯನ್ನೂ ತಟ್ಟೆಯ ಗೀಚನ್ನೂ ಅದು ಬೇರ್ಪಡಿಸಲಾರದೆ ಎರಡನ್ನೂ ಸವರಿತ್ತು. ಘಟದ ಸದ್ದು ಕುಂಬಳಕಾಯಿ ತಟ್ಟಿದಂತೆ ಮಂಕಾಗಿತ್ತು. ಅಂದು ಅದು ನನ್ನ ಕಿವಿಗೆ ತಟ್ಟನೆ ಬಿದ್ದಿತ್ತು, ಏಕೆಂದರೆ ಚಿಕ್ಕಂದಿನಿಂದ ರಾಮೋತ್ಸವದ ಪೆಂಡಾಲಿನಲ್ಲಿ ಕುಳಿತು ಘಟ ಕೇಳಿ ಬೆಳೆದವಳು ನಾನು. ಕೋಲ್ನ್‌ನ ನಗು ನನಗೆ ಗೊತ್ತಿರಲಿಲ್ಲ, ಆದ್ದರಿಂದ ಅದು ಹೋದದ್ದೂ ಗೊತ್ತಾಗಲಿಲ್ಲ.

ಈಗ ಯಾವ ರೆಕಾರ್ಡಾದರೂ ಅದರ ಎಲ್ಲ ಬದಿಗಳನ್ನೂ ಏನನ್ನೂ ಮುಟ್ಟದೆ ಮೊದಲು ಪೂರ್ತಿ ಕೇಳುತ್ತೇನೆ. ಪಕ್ಕದಲ್ಲೊಂದು ನೋಟ್‌ಬುಕ್ಕು: ಎಷ್ಟನೆಯ ನಿಮಿಷ, ಯಾವ ಸದ್ದು, ಯಾರದ್ದು. ಹೀಗೆ ಮಾಡಿದರೆ ದಿನಕ್ಕೆ ಎಂಟು ತಟ್ಟೆ ಆಗುತ್ತಿದ್ದ ಕಡೆ ಐದಾಗುತ್ತವೆ. ದರ ಏರಿಸಿದೆ. ಇಬ್ಬರು ಗಿರಾಕಿಗಳು ಬಿಟ್ಟುಹೋದರು.

ಯಜಮಾನರ ತಟ್ಟೆಗಳನ್ನು ದುಡ್ಡಿಲ್ಲದೆ ಮತ್ತೆ ಇಳಿಸಿದೆ. ಕಛೇರಿಯ ಎರಡನೆಯ ಭಾಗ ಒಂದೇ ಓಟದಲ್ಲಿ ನುಡಿಸಿದ್ದು, ಒಂದು ಬದಿಯಲ್ಲಿ ಹಿಡಿಸದೆ ಎರಡು ಬದಿಗಳಿಗೆ ಹಂಚಿದ್ದಾರೆ. ಅವನ್ನು ಒಂದೇ ಫೈಲಾಗಿ ಬೆಸೆಯಲೇ ಎಂದು ಕೇಳಿದ್ದಕ್ಕೆ, "ಬೇಡಮ್ಮಾ, ಅಲ್ಲಿ ನಾನು ಎದ್ದು ಹೋಗಿ ಕಾಫಿ ಬಗ್ಗಿಸಿಕೊಳ್ಳುತ್ತೇನೆ" ಎಂದರು.

ಈ ಸಲ ಅವರೇ ಬಂದು ಹೆಡ್‌ಫೋನ್ ಹಾಕಿಕೊಂಡು ಕುಳಿತರು. ನಗು ಬಂದಾಗ ತೋರುಬೆರಳು ಮೇಲೆದ್ದಿತು. ಆಮೇಲೆ ಬಹಳ ಹೊತ್ತು ಮಾತಿಲ್ಲ. ಹನ್ನೊಂದನೆಯ ನಿಮಿಷದಲ್ಲಿ ಹುಬ್ಬು ಗಂಟಿಕ್ಕಿತು. ಅಲ್ಲಿ ಪ್ರತಿ ಸುತ್ತಿಗೊಮ್ಮೆ ಬರುವ ಒಂದು 'ಟಕ್' ಇತ್ತು, ಆರೇಳು ಸಲ. ಪಾಠ ಕಲಿತವಳಲ್ಲವೇ, ಅವರ ನೆನಪಿನ ಗುರುತೇನೋ ಇರಬಹುದೆಂದು ನಾನು ಅದನ್ನು ಹಾಗೆಯೇ ಉಳಿಸಿದ್ದೆ.

"ಇದನ್ನು ಯಾಕೆ ಬಿಟ್ಟಿದ್ದೀಯಮ್ಮಾ? ನನ್ನ ಮಗ ಚಿಕ್ಕವನಿದ್ದಾಗ ಮುಳ್ಳಿನ ತೋಳು ಹಿಡಿದು ಎಳೆದದ್ದು ಇದು. ಕೋಲ್ನ್‌ನಲ್ಲಿ ಆದದ್ದಲ್ಲ, ಜಯನಗರದಲ್ಲಿ ಆದದ್ದು. ತೆಗೆದುಹಾಕು."