ಕರ್ಚೀಫಿನೊಳಗಿನ ಡಿ

ಗೊರಗುಂಟೆಪಾಳ್ಯ ದಾಟುವಷ್ಟರಲ್ಲೇ ಏಳೂವರೆ ಆಗಿತ್ತು. ಮೂರು ದಿನ ಒಟ್ಟಿಗೆ ರಜೆ ಬಂದರೆ ಅರ್ಧ ಬೆಂಗಳೂರು ತುಮಕೂರು ರಸ್ತೆಗೆ ಬಂದು ನಿಲ್ಲುತ್ತದೆ. ಗೊತ್ತಿದ್ದೂ ಹೊರಟಿದ್ದೆವು. ಸಾಗರದಲ್ಲಿ ಅಮ್ಮ ಊಟಕ್ಕೆ ಕಾಯುತ್ತಿದ್ದಳು. ನಾವಿನ್ನೂ ನೆಲಮಂಗಲ ಮುಟ್ಟಿರಲಿಲ್ಲ.

ಹಿಂದಿನ ಸೀಟಿನಲ್ಲಿ ಏಳನೇ ಕ್ಲಾಸಿನ ಮಗಳು. ಫೋನು ಕಿತ್ತುಕೊಂಡಿದ್ದೆ. ಹತ್ತು ನಿಮಿಷ ಮುಖ ಊದಿಸಿಕೊಂಡು ಕೂತವಳು ತಾನೇ ಒಂದು ಆಟ ಹುಟ್ಟಿಸಿದಳು. ಮುಂದಿನ ಗಾಡಿಯ ನಂಬರ್ ಪ್ಲೇಟಿನಲ್ಲಿರುವ ಅಕ್ಷರಗಳೆಲ್ಲ ಇರುವಂಥ ಇಂಗ್ಲಿಷ್ ಪದ ಹೇಳಬೇಕು. ಯಾವ ಅಕ್ಷರ ಎಲ್ಲಿ ಬಂದರೂ ಸರಿ. ಜಾಸ್ತಿ ಉದ್ದದ ಪದ ಹೇಳಿದವರು ಗೆದ್ದ ಹಾಗೆ.

ಮುಂದಿದ್ದದ್ದು ಕೆಎಸ್ಸಾರ್ಟಿಸಿ ಬಸ್ಸು. ಅದರ ಪ್ಲೇಟಿನಲ್ಲಿ ಕೆ, ಎ ಆದಮೇಲೆ ಒಂದು ಎಫ್.

"ಬ್ರೇಕ್‌ಫಾಸ್ಟ್!" ಅಂದಳು. ಎಣಿಸಿದರೆ 9 ಅಕ್ಷರ. ತಿಂಡಿ ತಿನ್ನದೆ ಹೊರಟಿದ್ದಕ್ಕೆ ಚುಚ್ಚಿದ್ದೂ ಆಯ್ತು.

ನಾನು "ಹ್ಯಾಂಡ್‌ಕರ್ಚೀಫ್, 12" ಅಂದೆ.

"ಅಮ್ಮಾ, ಅದರಲ್ಲಿ ಡಿ ಎಲ್ಲಿದೆ? ಹ್ಯಾಂಕರ್ಚೀಫ್ ಅಲ್ವಾ? 11 ಅಷ್ಟೇ."

ಡಿ ಇದೆ. ಉಚ್ಚಾರದಲ್ಲಿ ನುಂಗಿಹೋಗುತ್ತದೆ, ಬರೆಯುವಾಗ ಇರುತ್ತದೆ. ನನಗೆ ಇದು ಗೊತ್ತಿದ್ದದ್ದು ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತಲ್ಲ, ಬರದೇ ಇದ್ದದ್ದರಿಂದ. ನಮ್ಮದು ಕನ್ನಡ ಶಾಲೆ. ಐದನೇ ಕ್ಲಾಸಿನವರೆಗೆ ಎಬಿಸಿಡಿಯ ಮುಖ ನೋಡಿದವರಲ್ಲ. ಒಂದು ಪದವನ್ನು ಹೇಗೆ ಅನ್ನಬೇಕು ಅನ್ನುವುದು ಆಮೇಲಿನ ಮಾತು, ಮೊದಲು ಸ್ಪೆಲ್ಲಿಂಗ್ ಬಾಯಿಪಾಠ. ಅದಕ್ಕೆ ನಮ್ಮದೇ ಉಪಾಯಗಳಿದ್ದವು. ಟುಗೆದರ್‌ಗೆ 'ಟೋ ಗೆಟ್ ಹರ್'. ವೆನ್ಸ್‌ಡೇಗೆ 'ವೆಡ್ ನೆಸ್ ಡೇ'. ಲೆಫ್ಟಿನೆಂಟ್‌ಗೆ 'ಲೈ ಯು ಟೆನ್ ಆ್ಯಂಟ್', ಅಂದರೆ ಸುಳ್ಳು, ನೀನು, ಹತ್ತು, ಇರುವೆ! ಕರ್ಚೀಫಿಗೆ 'ಹ್ಯಾಂಡ್ ಕೆರ್ ಚೀಫ್'. ಜೋರಾಗಿ ರಾಗ ಎಳೆದು ಇಪ್ಪತ್ತು ಸಲ ಹೇಳಿದರೆ ಡಿ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಹಾಗೆ ಓದಿ ಅಭ್ಯಾಸ ಆದವರು ನಾವು. ಇಂಗ್ಲಿಷನ್ನೂ ಹಾಗೇ ಬಗ್ಗಿಸಿಕೊಂಡಿದ್ದೆವು. ಮಗಳಿಗೆ ಪದ ಕಿವಿಯಿಂದ ಬಂದಿದೆ, ನನಗೆ ಕಣ್ಣಿಂದ. ಕಾಲೇಜಿನಲ್ಲಿ ನನ್ನ ಉಚ್ಚಾರಕ್ಕೆ ಹುಡುಗಿಯರು ನಕ್ಕಿದ್ದು ಇನ್ನೂ ನೆನಪಿದೆ. ಮೊದಲ ಸಲ ಅದರಿಂದ ನನಗೆ ಒಂದು ಪಾಯಿಂಟ್ ಬಂತು.

ಆಟ ಆಡುತ್ತ ಆಡುತ್ತ ಒಂದು ತೊಂದರೆ ಗೊತ್ತಾಯಿತು. ಎ ಸುಲಭ, ಕೆ ಕಷ್ಟ. ನಮ್ಮ ರಾಜ್ಯದ ಪ್ಲೇಟಿನಲ್ಲಿ ಕೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಎಗೆ 1 ಅಂಕ, ಕೆಗೆ 5 ಯಾಕೆ ಅನ್ನುವುದು ಆವತ್ತು ಚೆನ್ನಾಗಿ ಅರ್ಥವಾಯಿತು. ಆ ಆಟ ಮಾಡಿದ ಆಲ್ಫ್ರೆಡ್ ಬಟ್ಸ್ ಅಮೆರಿಕದ ಆರ್ಕಿಟೆಕ್ಟ್. 1930ರ ದಶಕದ ಮುಗ್ಗಟ್ಟಿನಲ್ಲಿ ಕೆಲಸ ಹೋಗಿತ್ತಂತೆ. ಸುಮ್ನೆ ಕೂರದೆ ಪೇಪರಿನಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿ ಅಂಕ ಕೊಟ್ಟ.

ದಾಬಸ್‌ಪೇಟೆ ಹತ್ತಿರ ಎನ್, ಬಿ ಇದ್ದ ಕಾರು ಸಿಕ್ಕಿತು. ಅಲ್ಲಿಯವರೆಗೆ ಡ್ರೈವಿಂಗ್ ನೆಪದಲ್ಲಿ ಸುಮ್ಮನಿದ್ದ ಇವರು ಬಾಯಿ ತೆರೆದರು. "ಕೆ, ಎ, ಬಿ ಬಂತಲ್ಲ, 'ಏಬಲ್' ಬಾಲ ಅಂಟಿಸಿ. ಅನ್‌ಥಿಂಕಬಲ್, 11." ಮಗಳು ಬಿಡಲಿಲ್ಲ. "ಅನ್‌ಮಿಸ್ಟೇಕಬಲ್, 12!" ನಾನು ಅದಕ್ಕೇ 'ನೆಸ್' ಅಂಟಿಸಿ 16 ಮಾಡಿದೆ. ಅದು ಪದವೇ ಅಲ್ಲ ಅಂತ ಅಪ್ಪ ಮಗಳು ಒಂದಾದರು. ತಿಪಟೂರಿನವರೆಗೂ ನನ್ನ ವಾದ ನಡೆದೇ ಇತ್ತು.

ಅವರಿಬ್ಬರೂ ಒಪ್ಪದ ನನ್ನ 16 ಬಿಟ್ಟರೆ, ಆವತ್ತಿನ ಅತಿ ಉದ್ದದ ಪದ ಹೇಳಿದ್ದೂ ಇವರೇ. ಎಂ, ಡಿ ಬಂದಾಗ "ಅಕ್ನಾಲೆಜ್‌ಮೆಂಟ್" ಅಂದರು. ಬ್ಯಾಂಕಿನಲ್ಲಿ ಕೂತು ದಿನಾ ಅದನ್ನೇ ಬರೆಯುವವರಿಗೆ ಅದೇನು ಮಹಾ. ನನ್ನ ಲೆಕ್ಕಕ್ಕೆ 15, ಮಗಳ ಲೆಕ್ಕಕ್ಕೆ 14. ಜಿ ಆದಮೇಲಿನ ಇಯನ್ನು ಅಮೆರಿಕದವರು ಬಿಟ್ಟು ಬರೆಯುವುದೇ ಜಾಸ್ತಿ. ನಮ್ಮ ಮನೆಯಲ್ಲಿ ಈಗ ಎರಡು ಇಂಗ್ಲಿಷ್ ಇವೆ!

ಕಡೂರಿನಲ್ಲಿ ಕಾಫಿ ಕುಡಿಯುವಾಗ ಅವಳಿಗೆ ಇನ್ನೊಂದು ಹೊಳೆಯಿತು. "ಇಷ್ಟು ಗಾಡಿ ನೋಡಿದ್ವಿ, ಒಂದರಲ್ಲೂ ಐ ಇಲ್ಲ, ಓ ಇಲ್ಲ. ಯಾಕೆ?" ಐ ನೋಡಿದರೆ 1ರ ಹಾಗೆ, ಓ ನೋಡಿದರೆ ಸೊನ್ನೆಯ ಹಾಗೆ ಕಾಣುತ್ತದೆ. ಅದಕ್ಕೇ ರಾಜ್ಯದ ಕೋಡ್ ಆದಮೇಲೆ ಬರುವ ಅಕ್ಷರಗಳಲ್ಲಿ ಆ ಎರಡನ್ನು ಕೊಡುವುದಿಲ್ಲ ಅಂದರು ಇವರು. ಇಪ್ಪತ್ತು ವರ್ಷದಿಂದ ಗಾಡಿಗಳ ಹಿಂದೆ ನಿಂತಿದ್ದೇನೆ. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಭದ್ರಾವತಿ ದಾಟಿದ ಮೇಲೆ ಗಾಡಿಗಳು ಕಡಿಮೆಯಾದವು. ಅವಳು ಪ್ಲೇಟು ಬಿಟ್ಟು ನನಗೇ ಸವಾಲು ಹಾಕಿದಳು. "ಎಕ್ಸ್, ವೈ, ಝಡ್. ಮೂರೂ ಬರಬೇಕು. ಸಾಲಾಗಿ, ಪಕ್ಕಪಕ್ಕ." ಶಿವಮೊಗ್ಗದಿಂದ ಸಾಗರದವರೆಗೆ ತಲೆ ಕೆರೆದುಕೊಂಡೆ. ಆಕ್ಸಿಜನ್ ಎಕ್ಸ್, ವೈವರೆಗೆ ಬಂದು ಕೈ ಕೊಟ್ಟಿತು. ಅಂಥ ಪದ ಇಲ್ಲವೇ ಇಲ್ಲ ಅಂತ ತೀರ್ಪು ಕೊಟ್ಟು ಮುಗಿಸಿದೆ.

ರಾತ್ರಿ ಊಟ ಆಯಿತು. ಅಮ್ಮನಿಗೆ ಎರಡು ವಾರದಿಂದ ಮೈ ತುರಿಕೆ. ಅವಳ ಮಾತ್ರೆಗಳೆಲ್ಲ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿರುತ್ತವೆ. ಇಂಗ್ಲಿಷ್ ಓದಲು ಬರದ ಅವಳು ಒಂದೊಂದು ಪಟ್ಟಿಯ ಹಿಂದೆಯೂ ಪೆನ್ನಿನಲ್ಲಿ ಒಂದೇ ಅಕ್ಷರ ಗೀಚಿಟ್ಟಿದ್ದಳು. ಬೆಳಗ್ಗೆಯದಕ್ಕೆ 'ಬೆ', ಮಧ್ಯಾಹ್ನದ್ದಕ್ಕೆ 'ಮ', ರಾತ್ರಿಯದಕ್ಕೆ 'ರಾ'.

"'ರಾ' ಬರೆದದ್ದು ತಗೊಂಡು ಬಾರೇ ಮಗಾ, ಅದು ತಗೊಂಡ್ರೆ ನಿದ್ರೆನೂ ಬರ್ತದೆ" ಅಂದಳು.

ಮಗಳು ಪಟ್ಟಿ ಹಿಡಿದು ಬಲ್ಬಿನ ಕೆಳಗೆ ನಿಂತಳು. ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮದ್ದಿನ ಹೆಸರಿತ್ತು. ಒಂದೊಂದೇ ಅಕ್ಷರ ಓದಿದಳು. "ಎಚ್, ವೈ, ಡಿ, ಆರ್, ಓ..." ಅಲ್ಲಿಗೆ ನಿಂತಳು. ಆಮೇಲೆ ಮನೆ ಹಾರಿಹೋಗುವ ಹಾಗೆ ಕೂಗಿದಳು. "ಎಕ್ಸ್! ವೈ! ಝಡ್! ಅಮ್ಮಾ, ಹೈಡ್ರಾಕ್ಸಿಝೀನ್!"

ನಾನು ಕಸಿದುಕೊಂಡು ನೋಡಿದೆ. ಎಕ್ಸ್, ವೈ, ಝಡ್, ಪಕ್ಕಪಕ್ಕ, ಸಾಲಾಗಿ. ಆಮೇಲೆ ಐ, ಎನ್, ಇ. ಒಟ್ಟು 11.

"ಮಾತ್ರೆ ಹೆಸರೆಲ್ಲ ಲೆಕ್ಕಕ್ಕಿಲ್ಲ" ಅಂದೆ.

"ಕಂಪನಿ ಹೆಸರಾದ್ರೆ ಇಲ್ಲ, ಮದ್ದಿನ ಹೆಸರಾದ್ರೆ ಇದೆ" ಅಂತ ಇವರು ಚಾಪೆಯ ಮೇಲಿಂದಲೇ ತೀರ್ಪು ಕೊಟ್ಟರು.

"11 ತಾನೇ, ನನ್ನ ಕರ್ಚೀಫು 12."

"ಅದು ಬೇರೆ ಆಟ ಅಮ್ಮಾ!"

ಒಳಗಿಂದ ಅಮ್ಮನ ದನಿ ಬಂತು. "ನೀರು ತಂದಿಟ್ಕೊಂಡು ಎಷ್ಟು ಹೊತ್ತಾಯ್ತು. ಅದರಲ್ಲಿ ಒಂದು ಬಿಡಿಸಿ ಕೊಡ್ರೇ."