ಅಕ್ಕಿಯ ಮುಂಗಡ

ಶಿರಸಿಯಿಂದ ದೇವಿಮನೆ ಘಟ್ಟದ ಕಡೆಗಿರುವ ಒಂದು ಗ್ರಾಮ ಪಂಚಾಯತಿಯಲ್ಲಿ ಮೇ ಕೊನೆಯ ವಾರ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣಿನ ಕುರಿತು ಸಭೆ ಇತ್ತು. ಅರಣ್ಯ ಇಲಾಖೆ, ಪಂಚಾಯತಿ, ಬ್ಯಾಂಕು, ಒಂದು ಸ್ವಯಂಸೇವಾ ಸಂಸ್ಥೆ, ಸಿಪ್ಪೆ ಕೊಳ್ಳುವ ಬೆಂಗಳೂರಿನ ಕಂಪನಿ, ಎಲ್ಲರೂ ಬಂದಿದ್ದರು. ಸೇವಾ ಸಹಕಾರಿ ಸಂಘದ ಪರವಾಗಿ, ಅಲ್ಲಿ ಲೆಕ್ಕ ಬರೆಯುವ ನಾನು. ಉಪ್ಪಾಗೆ ಕೊಯ್ಯುವ ಸಿದ್ದಿ ಮತ್ತು ಕರಿ ಒಕ್ಕಲಿಗ ಸಮುದಾಯಗಳ ಹೆಂಗಸರು ಹಿಂದೆ ಗೋಡೆಗೆ ಒರಗಿ ಕುಳಿತಿದ್ದರು. ಹನ್ನೊಂದು ಗಂಟೆಯ ಸಭೆಗೆ ಬಂದರೆ ಅವರ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಸಂಬಳದವರಾದ ನಮಗೆ ಇದು ಹೊಳೆಯುವುದೇ ಇಲ್ಲ.

ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲು ಸಿಗದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲಿನ ಅಟ್ಟದಲ್ಲಿ ಹೊಗೆಗೊಡ್ಡಿ ಕಪ್ಪಾಗುವವರೆಗೆ ಒಣಗಿಸಬೇಕು. ಅದಕ್ಕೆ ರಾಶಿಗಟ್ಟಲೆ ಕಟ್ಟಿಗೆ ಬೇಕು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಮನೆಯ ಅಡುಗೆಗೆ ಉಳಿಯುತ್ತದೆ, ಸಿಪ್ಪೆ ಪೇಟೆಗೆ ಹೋಗುತ್ತದೆ. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ತೂಕ ಇಳಿಸುವ ಮಾತ್ರೆಗಳಿಗೆ ಹಾಕುತ್ತಾರೆ. ಅಕ್ಕಿ ಡಬ್ಬಿ ಖಾಲಿಯಾದ ಕಾಲದಲ್ಲಿ ಕೊಯ್ದ ಸಿಪ್ಪೆ, ಉಂಡು ಹೆಚ್ಚಾದವರ ಹೊಟ್ಟೆ ಕರಗಿಸಲು ವಿದೇಶಕ್ಕೂ ಹೊರಡುತ್ತದೆ.

ಗೋಡೆಯ ಮೇಲೆ ಬಣ್ಣಬಣ್ಣದ ವೃತ್ತಗಳ ಚಿತ್ರ ಮೂಡಿತು. ಪ್ರತಿಯೊಬ್ಬರಿಗೂ ಒಂದೊಂದು ವೃತ್ತ. ಕಂಪನಿ ಸಿಪ್ಪೆ ಒಣಗಿಸುವ ಡ್ರೈಯರ್ ಕೊಡುತ್ತದೆ, ಪಂಚಾಯತಿ ಹಳೆಯ ಕಟ್ಟಡ ಬಿಟ್ಟುಕೊಡುತ್ತದೆ, ಇಲಾಖೆ ಸಾಗಾಟಕ್ಕೆ ಅಡ್ಡಿ ಮಾಡುವುದಿಲ್ಲ, ಸಂಸ್ಥೆ ತರಬೇತಿ ನೀಡುತ್ತದೆ, ಬ್ಯಾಂಕು ಖಾತೆ ತೆರೆಯುತ್ತದೆ, ನಮ್ಮ ಸಂಘ ತೂಕ ಮಾಡಿ ದಾಸ್ತಾನು ಇಡುತ್ತದೆ. ಎಲ್ಲರೂ ತಲೆಯಾಡಿಸಿದರು. ಮಧ್ಯೆ ಒಬ್ಬ ಕರಿ ಒಕ್ಕಲಿಗ ಹೆಂಗಸು, ‘ಇದು ನಮಗೂ ಉಂಟೋ, ಸಿದ್ದಿಯರಿಗೆ ಮಾತ್ರವೋ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಕಾಡನ್ನು ನಂಬಿದವರಿಗೇ ಕೊಟ್ಟಿದೆಯಾದರೂ, ಪಂಗಡದ ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸ ತೋರಿಸಬೇಕು. ಒಂದೇ ಮರದಡಿ ಹೆಕ್ಕುವ ಇಬ್ಬರಿಗೆ ಎರಡು ಅಳತೆ. ‘ಎಲ್ಲರಿಗೂ’ ಎಂದು ಪಂಚಾಯತಿಯ ಅಧಿಕಾರಿ ಪಿಡಿಒ ಹೇಳಿದ ಮೇಲೆ ಆಕೆ ಕುಳಿತರು.

ಆಮೇಲೆ ಎದ್ದವರು ಒಬ್ಬ ಹಿರಿಯ ಸಿದ್ದಿ ಹೆಂಗಸು.

‘ಹೇಳಿ ಆಯಿ’ ಎಂದರು ಪಿಡಿಒ.

‘ಸಿಪ್ಪೆ ತೂಕ ಮಾಡಿದ ದಿನ ದುಡ್ಡು ಕೊಡುವವರು ಯಾರು?’

ಮಾರಾಟವಾದ ಮೇಲೆ ಖಾತೆಗೆ ಜಮಾ ಆಗುತ್ತದೆ ಎಂದು ಕಂಪನಿಯವರು ವಿವರಿಸಿದರು. ಆಯಿ ಕೈಯನ್ನು ಮೇಜಿನ ಮೇಲಿಟ್ಟರು. ಉಗುರಿನ ಸಂದಿಯಲ್ಲಿ ಕಪ್ಪು ಕೂತಿತ್ತು, ಬೆರಳ ತುದಿಗಳು ಒಡೆದಿದ್ದವು. ‘ಸಾಹುಕಾರರು ಸಿಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹಸಿ ಇದೆ ಎಂದು ತೂಕ ಮುರಿಯುತ್ತಾರೆ, ಗೊತ್ತು. ಮೋಸ, ಅದೂ ಗೊತ್ತು. ಆದರೆ ಮಳೆ ಹಿಡಿಯುವ ಮೊದಲೇ ಅಕ್ಕಿ ಕೊಟ್ಟಿರುತ್ತಾರೆ ಸರ್. ನಿಮ್ಮ ಡ್ರೈಯರಿನಲ್ಲಿ ಅನ್ನ ಬೇಯುತ್ತದೆಯೋ?’

ಯಾರೋ ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ನಾನು ದಿನವೂ ಬರೆಯುವ ಲೆಕ್ಕವೇ ಅದು. ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸಹಕಾರಿ ಸಂಘ ಹುಟ್ಟಿದ್ದು ಅಡಿಕೆ ಬೆಳೆಗಾರ ವ್ಯಾಪಾರಿಯ ಹಿಡಿತದಲ್ಲಿದ್ದುದರಿಂದ. ಆ ಹಿಡಿತ ಬರೀ ಒಳ್ಳೆಯ ದರದಿಂದ ಸಡಿಲಲಿಲ್ಲ. ಮದುವೆಗೆ, ಕೊನೆಕೊಯ್ಲಿಗೆ, ಮಕ್ಕಳ ಓದಿಗೆ ದುಡ್ಡು ಬೇಕಾದಾಗ ನಮ್ಮ ಕಡೆಯವರು ಸಂಘಕ್ಕೆ ಹೋಗಿ ಬೆಳೆ ನಂಬಿ ಕೊಡುವ ಆಸಾಮಿ ಸಾಲ ಎತ್ತುತ್ತಾರೆ, ಅಡಿಕೆ ಬಂದಾಗ ಸಂಘ ಅದನ್ನು ಮುರಿದುಕೊಳ್ಳುತ್ತದೆ. ಅದಕ್ಕೆ ಪಹಣಿ ಬೇಕು, ತೋಟ ಬೇಕು. ಕಾಡಿನ ಮರ ಯಾರ ಪಹಣಿಯಲ್ಲಿಯೂ ಇಲ್ಲ. ಬಡವರ ಸಹಕಾರಕ್ಕೆಂದು ಆರು ಕಡೆಯಿಂದ ಬಂದಿದ್ದೆವು, ಮುಂಗಡ ಮಾತ್ರ ಯಾರ ವೃತ್ತದೊಳಗೂ ಇರಲಿಲ್ಲ.

ನಾನದನ್ನು ಹೇಳಿದೆ. ಕಂಪನಿಯ ಹುಡುಗ ಪಾಪ, ಪ್ರಾಮಾಣಿಕ. ಡ್ರೈಯರ್ ಸಮಾಜಸೇವೆಗೆಂದು ಕಂಪನಿ ತೆಗೆದಿಡುವ ಸಿಎಸ್‌ಆರ್ ಹಣದಿಂದ ಬರುತ್ತದೆ, ಆ ಹಣವನ್ನು ಮಾಮೂಲಿ ವ್ಯಾಪಾರಕ್ಕೆ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ, ಖರೀದಿಯ ಮುಂಗಡ ಬೇರೆ ವಿಭಾಗದ್ದು, ಆ ವಿಭಾಗಕ್ಕೆ ಈ ಸಭೆಯೇ ಗೊತ್ತಿಲ್ಲ ಎಂದ. ದಾನಕ್ಕೆ ಒಂದು ಬಾಗಿಲು, ವ್ಯಾಪಾರಕ್ಕೆ ಇನ್ನೊಂದು. ಬ್ಯಾಂಕಿನವರು ಜಾಮೀನು ಕೇಳಿದರು. ಚಹಾ, ಅವಲಕ್ಕಿ ಬಂದವು.

ದಾರಿ ಸಿಕ್ಕಿದ್ದು ಊಟದ ಹೊತ್ತಿಗೆ, ಅದೂ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಹೆಂಗಸಿನಿಂದ. ಸ್ವಸಹಾಯ ಸಂಘಗಳಿಗೆ ಸಾಲ ಕೊಡಲೆಂದೇ ಒಕ್ಕೂಟದಲ್ಲಿ ಸಮುದಾಯ ಬಂಡವಾಳ ನಿಧಿ ಇರುತ್ತದೆ. ಅದರಿಂದ ಜೂನ್ ಮೊದಲೇ ಮನೆಗಿಷ್ಟು ಎಂದು ಕೊಡಬಹುದು, ಆದರೆ ಸಿಪ್ಪೆಗೆ ಬೂಸಲು ಬಂದರೆ ನಷ್ಟ ಹೊರುವವರು ಯಾರು ಎಂದು ಆಕೆ ಕೇಳಿದರು. ಅದರ ಮೇಲೆ ನಡೆದ ಜಗಳವೇ ಆ ದಿನದ ನಿಜವಾದ ಸಭೆ. ಅರ್ಧ ನಮ್ಮ ಸಂಘ, ಅರ್ಧ ಕಂಪನಿ ಎಂದು ಕೊನೆಗೆ ಬರೆದುಕೊಂಡೆವು. ನಮ್ಮ ಆಡಳಿತ ಮಂಡಳಿ ಒಪ್ಪಲು ಗೊಣಗಿತು, ಒಪ್ಪಿತು.

ಆ ಮಳೆಗಾಲ ಸಂಘಕ್ಕೆ ಬಂದ ಸಿಪ್ಪೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಆಯಿ ಸಹ ಒಂದು ಪಾಲನ್ನು ಸಾಹುಕಾರರಿಗೇ ಹಾಕಿದ್ದರು. ತೂಕದ ಚೀಟಿ ಕೊಡುವಾಗ ಕೇಳಿದೆ.

‘ನಿಮ್ಮ ಡ್ರೈಯರ್ ಕೆಟ್ಟ ವರ್ಷ ನಾನು ಅವರ ಅಂಗಡಿಗೆ ಹೋಗಬೇಕಲ್ಲ ತಮ್ಮಾ’ ಎಂದರು. ಚೀಟಿಯನ್ನು ಎರಡು ಸಲ ಓದಿಸಿಕೊಂಡು, ಮಡಿಚಿ ಸೆರಗಿನ ತುದಿಗೆ ಕಟ್ಟಿಕೊಂಡು, ಮುಂದಿನ ವರ್ಷದ ಮುಂಗಡ ಎಷ್ಟು ಎಂದು ವಿಚಾರಿಸಿದರು.