ಸದಾಶಿವಗಡದಿಂದ ಕಂಡ ನುಣುಪು ಪಟ್ಟಿಗಳು

ಗಾಳಿ ಕಮ್ಮಿ ಇರುವ ದಿನ ಕಾರವಾರದ ಹತ್ತಿರದ ಸದಾಶಿವಗಡದ ಗುಡ್ಡ ಹತ್ತಿ ನೋಡಿ, ಕಡಲ ಮೇಲೆ ಉದ್ದುದ್ದ ನುಣುಪು ಪಟ್ಟಿಗಳು ಕಾಣುತ್ತವೆ. ಯಾರೋ ಇಸ್ತ್ರಿ ಹಾಕಿ ಹೋದ ಹಾಗೆ. ಬೋಟಿನ ಡೀಸೆಲ್ ಸೋರಿದ್ದು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಕೆಲವು ಸಲ ಅದೇ ಇರುತ್ತದೆ. ಆದರೆ ನೀರಿನ ಒಳಗೆ ಓಡುವ ಅಲೆಯೂ ಇಂಥ ಪಟ್ಟಿ ಮೂಡಿಸುತ್ತದೆ ಅಂತ ಓದಿದ ಮೇಲೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಒಳಗೆಂಥ ಅಲೆ? ಮಜ್ಜಿಗೆ ಪಾತ್ರೆಯನ್ನು ಸುಮ್ನೆ ಇಟ್ಟರೆ ಮೇಲೆ ತಿಳಿ, ಕೆಳಗೆ ಗಟ್ಟಿ ನಿಲ್ಲುತ್ತದೆ ಅಲ್ವಾ? ಮೆಲ್ಲಗೆ ಅಲ್ಲಾಡಿಸಿದರೆ ಮೇಲ್ಗಡೆಗಿಂತ ನಡುವಿನ ಗೆರೆಯೇ ಜಾಸ್ತಿ ತೂಗುತ್ತದೆ. ಕಡಲಲ್ಲೂ ಮೇಲೆ ಬಿಸಿಯಾದ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಭರತ ಇಳಿತದ ಹರಿವು ತಳದ ದಿಬ್ಬವನ್ನೋ ಆಳ ಶುರುವಾಗುವ ಅಂಚನ್ನೋ ದಾಟುವಾಗ ಆ ಗೆರೆ ಕುಣಿಯತೊಡಗುತ್ತದೆ. ಎರಡೂ ನೀರಿನ ತೂಕದಲ್ಲಿ ವ್ಯತ್ಯಾಸ ತೀರಾ ಕಮ್ಮಿ, ಹಾಗಾಗಿ ಸಣ್ಣ ನೂಕಿಗೂ ಅಲೆ ದೊಡ್ಡದಾಗುತ್ತದೆ. ಅಂಡಮಾನ್ ಕಡಲಲ್ಲಿ 60 ಮೀಟರ್ ಎತ್ತರದ್ದೂ ಸಿಕ್ಕಿದೆ. ಮೂರು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು, ಮೇಲೆ ದೋಣಿಯಲ್ಲಿ ಕೂತವನಿಗೆ ಅಷ್ಟು ಎತ್ತರ ಗೊತ್ತೇ ಆಗುವುದಿಲ್ಲ!

ಇದನ್ನು ಸುಮಾರು 700 ಕಿಲೋಮೀಟರ್ ಎತ್ತರದ ಉಪಗ್ರಹ ನೋಡುವುದೇ ಮಜಾ. ಅದರಲ್ಲಿರುವ ರೇಡಾರ್, ಅಂದರೆ ರೇಡಿಯೋ ಅಲೆ ಕಳಿಸಿ ಮರಳಿ ಬಂದದ್ದರಿಂದ ಚಿತ್ರ ಮಾಡುವ ಯಂತ್ರ, ಅದರ ಅಲೆ ನೀರಿನೊಳಗೆ ಇಳಿಯುವುದೇ ಇಲ್ಲ. ಅದು ನೋಡುವುದು ಮೇಲಿನ ಪುಟ್ಟ ತೆರೆಗಳನ್ನು, ಕೆಲವೇ ಸೆಂಟಿಮೀಟರಿನವು. ಒಳಗಿನ ಅಲೆ ಹೋಗುವಾಗ ಮೇಲಿನ ನೀರು ಒಂದು ಕಡೆ ಒತ್ತಿ ಬರುತ್ತದೆ, ಅಲ್ಲಿ ತೆರೆ ಒರಟಾಗಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಇನ್ನೊಂದು ಕಡೆ ನೀರು ಹರಡಿ ನುಣುಪಾಗುತ್ತದೆ, ಅದು ಕಪ್ಪು ಪಟ್ಟಿ. 1978ರಲ್ಲಿ ಹಾರಿದ ಅಮೆರಿಕದ ಉಪಗ್ರಹ ಸೀಸ್ಯಾಟ್ ನೂರೈದು ದಿನಕ್ಕೇ ಕೆಟ್ಟುಹೋಯಿತು, ಅಷ್ಟರಲ್ಲೇ ಇಂಥ ಪಟ್ಟಿಗಳನ್ನು ರಾಶಿ ರಾಶಿ ತೋರಿಸಿತ್ತು.

ನಾನೂ ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಬಿಟ್ಟಿ ಸಿಗುವ ಚಿತ್ರ ತೆಗೆದು ಕುಳಿತೆ. ರೇಡಾರಿಗೆ ಮೋಡ ಅಡ್ಡ ಬರುವುದಿಲ್ಲ ತಾನೇ ಅಂತ ಜಾಣತನದಿಂದ ಜುಲೈ ತಿಂಗಳದ್ದೇ ಆರಿಸಿದ್ದೆ. ಕಾರವಾರದ ಕಡಲು ಪೂರ್ತಿ ಒಂದೇ ಬೂದು. ಮೋಡ ಅಡ್ಡ ಬರಲಿಲ್ಲ, ಗಾಳಿ ಬಂತು. ಮಳೆಗಾಲದ ಗಾಳಿ ಇಡೀ ಕಡಲನ್ನೇ ಒರಟು ಮಾಡಿಟ್ಟರೆ ಪಟ್ಟಿ ಎಲ್ಲಿ ಉಳಿಯಬೇಕು? ಟ್ರಾಲರ್ ನಿಷೇಧದ ತಿಂಗಳಾದ್ದರಿಂದ ದೋಣಿಗಳ ಬಿಳಿ ಚುಕ್ಕಿಯೂ ಇಲ್ಲ.

ಈಗ ದೀಪಾವಳಿ ಅಮಾವಾಸ್ಯೆಯ ಆಸುಪಾಸಿನ ಚಿತ್ರ ಹುಡುಕುತ್ತಿದ್ದೇನೆ. ಆಗ ಭರತವೂ ಜೋರು, ಬೆಳಗಿನ ಗಾಳಿಯೂ ಮೆತ್ತಗೆ.